ಚಿಪ್‌ನ ಮೂಲೆಯಲ್ಲೊಂದು ಕಿವಿ

"ನಿನ್ನ ಹೆಸರೆಲ್ಲಿ?" ಪರದೆಯಿಂದ ಕಣ್ಣು ಕೀಳದೆ ಕೇಳಿದಳು ಅವಳು.

"ತೆಗೆದುಬಿಟ್ಟೆ."

"ನಿನ್ನ ಕೆಲಸ?"

"ಅದನ್ನೂ. ಖಾಲಿ ಜಾಗ ಕಂಪನಿಯವರೇ ತುಂಬ್ಕೋತಾರೆ. ಈಗ ನಿನ್ನೊಬ್ಬಳ ಸಹಿ ಸಾಕು."

ಮೂರು ವರ್ಷ ಒಂದೇ ಮೇಜಿಗೆ ಮೊಣಕೈ ತಾಗಿಸಿ ಕೂತು, ಶ್ರವಣಯಂತ್ರಕ್ಕೊಂದು ಚಿಪ್ ವಿನ್ಯಾಸ ಮಾಡಿದ್ದರು ಇಬ್ಬರೂ. ವಿನ್ಯಾಸ ಯಾರು ಬೇಕಾದರೂ ಬಿಟ್ಟಿ ತಗೊಳ್ಳಲಿ, ಪರೀಕ್ಷಿಸಿ ಸರಿಪಡಿಸಿ ಕೊಡುವುದಕ್ಕೆ ಮಾತ್ರ ಶುಲ್ಕ ಕೊಡಲಿ ಅನ್ನುವುದು ಅವನ ಹಂಚಿಕೆ. ಆ ಷರತ್ತುಗಳ ಲೈಸೆನ್ಸ್ ಪತ್ರ ಬರೆದವನೂ ಅವನೇ. ಅದಕ್ಕೇ ಅವಳ ಬಾಯಲ್ಲಿ ಅವನು 'ವಕೀಲ್ರು'. ತಗೊಂಡವರು ಬೇಕಾದಷ್ಟು ಜನ, ಶುಲ್ಕ ಕೊಡಲು ತಿರುಗಿ ಬಂದವರು ಒಬ್ಬರೂ ಇಲ್ಲ. ಚಿಪ್ ಪರದೆ ಬಿಟ್ಟು ಕೆಳಗಿಳಿಯಲೇ ಇಲ್ಲ.

ಈಗೊಂದು ಕಂಪನಿ ತಯಾರಿಸುತ್ತೇನೆ ಅಂದಿತ್ತು. ಆದರೆ ಅದರ ಹೊಸ ವಿನ್ಯಾಸಕ್ಕೆ ಬೀಗ ಬೀಳಬೇಕು, ಬೇರೆ ಯಾರೂ ಬಿಟ್ಟಿ ತಗೊಳ್ಳುವಂತಿಲ್ಲ, ಅದರಲ್ಲಿ ಕೈಯಿಟ್ಟವರೆಲ್ಲ ಸಹಿ ಹಾಕಬೇಕು. ಅವಳ ಅಕ್ಕನ ಕಿವಿ ದಿನೇ ದಿನೇ ಮಂದವಾಗುತ್ತಿತ್ತು, ಇನ್ನು ಕಾಯಲಾರೆ ಅಂದಿದ್ದಳು ಅವಳು. ಬೀಗದ ಕಾಗದಕ್ಕೆ ಅವನ ಕೈ ಏಳಲಿಲ್ಲ. ಹದಿನೈದು ದಿನ ಮಾತು ಬಿಟ್ಟಿದ್ದರು. ಆ ಹದಿನೈದು ದಿನ ಅವನು ಮಾಡಿದ್ದು ಇದು: ತನ್ನ ಸಹಿಯೇ ಬೇಕಾಗದಂತೆ ತನ್ನ ಪಾಲನ್ನೆಲ್ಲ ಅಳಿಸಿದ್ದು.

"ಜಗಳ ಆಡೋಕೆ ಬಂದಿದ್ದೆ ವಕೀಲ್ರೇ. ಹಿಂಗೆ ಗೆಲ್ಲಿಸಿಬಿಟ್ರೆ ನಾನೇನ್ ಮಾಡ್ಲಿ?"

"ಅಕ್ಕನಿಗೆ ಕೇಳಿಸ್ಲಿ ಬಿಡು."

"ನಾಳೆಯಿಂದ ಬರಲ್ವಾ?"

"ನಂದೇನಿದೆ ಇಲ್ಲಿ?"

ಅವಳು ಪರದೆಯ ಮೇಲಿನ ಚಿಪ್ ನಕ್ಷೆಯ ಒಂದು ಮೂಲೆಗೆ ಹೋಗಿ ಅದನ್ನು ದೊಡ್ಡದು ಮಾಡುತ್ತ ಹೋದಳು. ಚಿಪ್‌ನ ಖಾಲಿ ಮೂಲೆಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಬಿಡಿಸುವುದು ಈ ಕೆಲಸದವರ ಹಳೇ ಚಾಳಿ. ಅಲ್ಲಿ ಅವನು ಬಿಡಿಸಿದ್ದೊಂದು ಕಿವಿ ಇತ್ತು. ಅಕ್ಕನದು ಅಂದಿದ್ದ ಅವನು. ಇಷ್ಟು ಹತ್ತಿರದಿಂದ ಅವಳು ನೋಡಿದ್ದು ಇವತ್ತೇ.

"ಇದನ್ನ ಅಳಿಸೋಕೆ ಮರೆತಿದ್ದೀಯ."

ಅವನು ಚೀಲ ಹೆಗಲಿಗೇರಿಸಿಕೊಂಡ.

"ಅಲ್ಲಾ, ನಮ್ಮಕ್ಕ ಯಾವತ್ತು ಕಿವಿಗೆ ಪೆನ್ಸಿಲ್ ಸಿಗಿಸ್ಕೊಂಡಿದ್ಲು?" ಕೇಳುತ್ತಲೇ ಅವಳ ಕೈ ತನ್ನ ಕಿವಿಗೆ ಹೋಯಿತು. ಪೆನ್ಸಿಲ್ ಅಲ್ಲೇ ಇತ್ತು.

"ಮರೆತಿಲ್ಲ ಕಣೇ," ಎಂದ. "ಉಳಿದಿದ್ದೆಲ್ಲ ಅಳಿಸ್ದೆ. ಇದೊಂದಕ್ಕೆ ಕೈ ಬರಲಿಲ್ಲ."

"ಮೊದ್ಲೇ ಹೇಳಬಾರದಿತ್ತಾ?"

"ಚಿಪ್ ಕೈಗೆ ಬಂದ ದಿನ ತೋರಿಸೋಣ ಅಂತಿದ್ದೆ."

ಅವನ ಗೆರೆ ಒಂದು ಉಳಿದರೂ ಅವಳೊಬ್ಬಳ ಸಹಿ ಸಾಲದು. ಅವಳು ಅವನ ಬೆರಳು ಹಿಡಿದು ಅಳಿಸುವ ಗುಂಡಿಯ ಮೇಲಿಟ್ಟಳು, ಅದರ ಮೇಲೆ ತನ್ನದು. ಮೂರು ವರ್ಷದಲ್ಲಿ ಅವನ ಕೈ ಹಿಡಿದದ್ದು ಅದೇ ಮೊದಲು.

ಮೂಲೆ ಖಾಲಿಯಾಯಿತು.

"ಇದನ್ನಾದ್ರೂ ತಗೊಂಡ್ಹೋಗು," ಎಂದು ಪೆನ್ಸಿಲ್ ಕೊಟ್ಟಳು. ಅವನು ಕಿವಿಗೆ ಸಿಗಿಸಿಕೊಳ್ಳಲು ನೋಡಿದ, ನಿಲ್ಲಲಿಲ್ಲ. ಜೇಬಿಗಿಟ್ಟುಕೊಂಡು ಹೊರಟ.

ಅವಳು ಸಹಿ ಹಾಕಲು ಕಾಗದ ಎಳೆದುಕೊಂಡಳು. ಎಡ ಮೊಣಕೈ ತಾನಾಗಿ ಒಳಗೆ ಸರಿಯಿತು, ಪಕ್ಕದವನಿಗೆ ಜಾಗ ಬಿಡುವಂತೆ.