ಮಲಕವ್ವನ ಎಡಗಣ್ಣು

“ನಿನ್ನ ಎಡಗಣ್ಣಿನ ಆಪರೇಷನ್ ಹೋದ ತಿಂಗಳ ಆಗೇತಲ್ಲಬೇ,” ಎಂದ ದವಾಖಾನೆಯ ಗುಮಾಸ್ತ.

ಮಲಕವ್ವ ಸೆರಗು ಸರಿಸಿ ಮುಖ ಮುಂದೆ ಮಾಡಿದಳು. ಎಡಗಣ್ಣಿನಲ್ಲಿ ಪೊರೆ ಬೆಳ್ಳಗೆ ಕೂತಿತ್ತು. ಬಲಗಣ್ಣು ಸಣ್ಣವಳಿದ್ದಾಗಲೇ ಸಿಡುಬಿನಲ್ಲಿ ಹೋಗಿತ್ತು. ನಿಪ್ಪಾಣಿಯ ಬೀಡಿ ಕಾರ್ಮಿಕೆ ಅವಳು. ಕಾರ್ಮಿಕರ ಕಾರ್ಡಿದ್ದರೆ ಆಪರೇಷನ್ ಖರ್ಚೆಲ್ಲ ಸರಕಾರದ್ದು, ಆದರೆ ಒಂದು ಕಣ್ಣಿಗೆ ಒಂದೇ ಸಲ. ಅವಳ ಹೆಸರಿನಲ್ಲಿ ಬೇರೆ ಯಾರೋ ಆಪರೇಷನ್ ಮಾಡಿಸಿಕೊಂಡು ಹೋಗಿದ್ದರು.

“ಇದೊಂದ ಕಣ್ಣ ಉಳದೈತ್ರಿ ಸಾಹೇಬ್ರ,” ಎಂದು ಠಾಣೆಯಲ್ಲಿ ಅತ್ತಳು.

ಸಬ್ ಇನ್‌ಸ್ಪೆಕ್ಟರ್ ಜ್ಞಾನದೇವ ಸಿಡುಕಿನ ಮನುಷ್ಯ. ಅಂದು ಸಿಡುಕಲಿಲ್ಲ.

*

ಮೊದಲು ಸಿಕ್ಕಿದ್ದು ವಾರ್ಡ್‌ಬಾಯ್ ಬಾಳು. ಔಷಧಿ ಕದ್ದು ಮಾರಿದ, ಠಾಣೆಯ ಹಳೇ ಗಿರಾಕಿ.

“ಈ ಸಲ ನಾ ಅಲ್ರಿ! ಹೋದ ತಿಂಗಳೆಲ್ಲ ಸಸ್ಪೆಂಡ್ ಆಗಿದ್ನಿ.”

ವಿಚಾರಿಸಿದರೆ, ನಿಜ.

ಡಾಕ್ಟರಿಗೆ ಕಣ್ಣು ನೆನಪಿತ್ತು, ಮುಖವಿಲ್ಲ. ಕಾರ್ಡಿನ ಫೋಟೊದಲ್ಲಿ ಮುಖಕ್ಕಿಂತ ಸೆರಗೇ ಹೆಚ್ಚು. ನರ್ಸ್ ಸುಂದರಾ ಮಾತ್ರ ಒಂದು ಮಾತು ಹೇಳಿದಳು.

“ನಿದ್ದ್ಯಾಗೂ ಚಾದರದ ಅಂಚು ಸುತ್ತತಿದ್ಲರಿ, ಬೀಡಿ ಸುತ್ತಿದಂಗ.”

ಜ್ಞಾನದೇವ ಬೀಡಿ ಗುತ್ತಿಗೆದಾರ ಅಣ್ಣಾಸಾಬನ ಅಂಗಡಿಗೆ ಹೋಗಿ ಮಲಕವ್ವ ಕೊಟ್ಟಿದ್ದ ಕಟ್ಟುಗಳನ್ನು ಬಿಚ್ಚಿಸಿದ. ಹಳೆಯ ಕಟ್ಟಿನಲ್ಲಿ ಕೆಲವು ಬೀಡಿಗಳ ಎಲೆ ಬಲಕ್ಕೆ ಸುತ್ತಿತ್ತು, ಕೆಲವುಗಳದ್ದು ಎಡಕ್ಕೆ. ಹೊಸ ಕಟ್ಟಿನಲ್ಲಿ ಎಡಕ್ಕೆ ಸುತ್ತಿದ್ದು ಒಂದೂ ಇಲ್ಲ.

“ಯವ್ವಾ, ನಿಮ್ಮ ಮನ್ಯಾಗ ಎಡಗೈಲೆ ಬೀಡಿ ಸುತ್ತೋರು ಯಾರದಾರ?” ಎಂದು ಮಲಕವ್ವನನ್ನು ಕೇಳಿದ.

“ನನ್ನ ನೆಗೆಣ್ಣಿ ಸಕ್ಕುಬಾಯಿರಿ, ಮೈದುನನ ಹೇಂತಿ. ತವರಿಗೆ ಹೋಗ್ಯಾಳ, ಚಿಂಚಲಿಗೆ...” ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು.

*

ಚಿಂಚಲಿಯಲ್ಲಿ ಸಕ್ಕುಬಾಯಿ ದಪ್ಪ ಗಾಜಿನ ಹೊಸ ಕನ್ನಡಕ ಹಾಕಿಕೊಂಡು ಕುರಿಗಳಿಗೆ ಮೇವು ಹಾಕುತ್ತಿದ್ದಳು. ಪೊಲೀಸರನ್ನು ದೂರದಿಂದಲೇ ಕಂಡಳು. ಓಡಲಿಲ್ಲ.

ಠಾಣೆಯಲ್ಲಿ ಜ್ಞಾನದೇವ ಇಬ್ಬರನ್ನೂ ಎದುರುಬದುರು ಕೂರಿಸಿದ.

“ದವಾಖಾನ್ಯಾಗ ಮಲಗಿದ್ದಾಕಿ ಬೀಡಿ ಸುತ್ತಾಕಿ. ಕಾರ್ಡು ಸಿಗಬೇಕಂದ್ರ ಮನಿಯಾಕಿನ ಆಗಬೇಕು. ಆಪರೇಷನ್ ಆದಮ್ಯಾಲ ತಂಬಾಕದ ಧೂಳಾಗ ಕುಂಡ್ರಬ್ಯಾಡ ಅಂದಿದ್ರು ಡಾಕ್ಟರು, ಅದಕ್ಕ ಎಡಗೈ ಬೀಡಿ ನಿಂತ್ವು. ಹೌದಿಲ್ಲ?”

“ಹೌದ್ರಿ,” ಎಂದಳು ಸಕ್ಕುಬಾಯಿ. “ಇಪ್ಪತ್ತ ವರ್ಷ ಇಬ್ಬರೂ ಸುತ್ತೇವಿ. ಮನಿಗೊಂದ ಕಾರ್ಡು ಅಂದ ಅಣ್ಣಾಸಾಬ. ನನಗೂ ಕತ್ತಲಾಗಿತ್ರಿ. ಅಕ್ಕನ ಪೊರಿ ಇನ್ನ ಹಣ್ಣಾಗಿಲ್ಲ, ತಡೀರಿ ಅಂದಿದ್ರು. ಅಷ್ಟರಾಗ ನಂದು ಮುಗಿಸ್ಕೊಂಡ್ರಾತು ಅಂದ್ಕೊಂಡ್ನಿ. ಅಕ್ಕನ ಪಾಲಿಂದು ಮುಗೀತದಂತ ಗೊತ್ತಿರಲಿಲ್ಲ.”

ಜ್ಞಾನದೇವ ದೂರಿನ ಕಾಗದ ಮುಂದಿಟ್ಟ. “ದವಾಖಾನ್ಯಾಗ ಬರದದ್ದು ತಿದ್ದಬೇಕಂದ್ರ ಈಕಿ ಮ್ಯಾಲ ಕೇಸ್ ಆಗಬೇಕು. ಹೆಬ್ಬೆಟ್ಟ ಒತ್ತಬೇ.”

ಮಲಕವ್ವ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು. “ಒಲ್ಲೆರಿ. ಅಕಿನ್ನ ಜೇಲಿಗೆ ಹಾಕಿ ನಾ ಏನ್ ನೋಡ್ಲಿ?”

ಸಕ್ಕುಬಾಯಿ ಎದ್ದು ಬಂದಳು. ಅಕ್ಕನ ಕೈಯನ್ನು ಬಲವಂತವಾಗಿ ಎಳೆದು ಹೆಬ್ಬೆರಳಿಗೆ ಮಸಿ ಹಚ್ಚಿದಳು. ಎಲ್ಲಿ ಒತ್ತಬೇಕೆಂದು ಮಲಕವ್ವನಿಗೆ ಕಾಣುತ್ತಿರಲಿಲ್ಲ. ಸಕ್ಕುಬಾಯಿಗೆ ಕಾಣುತ್ತಿತ್ತು. ಅವಳೇ ಒತ್ತಿಸಿದಳು.