ಹಾಲಿನ ಲೆಕ್ಕ, ಗಲ್ಲಾದ ಲೆಕ್ಕ

1957ರ ಜೂನ್ 11, ಬೆಳಿಗ್ಗೆ ಒಂಬತ್ತೂವರೆ. ಬೈಕುಲ್ಲಾದಲ್ಲಿ ಉಡುಪಿ ಹೋಟೆಲು ನಡೆಸುವ ಕೊರಗಪ್ಪ ಠಾಣೆಗೆ ಬಂದು ದೂರು ಕೊಟ್ಟರು.

"ಚಾ ಮಾಡುವ ದೂಜ ಹಾಲು ಕದೀತಾನೆ ಮಾರಾಯ್ರೆ. ಮೊದಲು ಸೇರು ಹಾಲಿಗೆ ಹದಿನಾರು ಚಾದ ದುಡ್ಡು ಬರ್ತಿತ್ತು. ಈಗ ಹನ್ನೆರಡರದ್ದೂ ಇಲ್ಲ. ಅವನನ್ನು ಒಳಗೆ ಹಾಕಿ."

ಇನ್ಸ್‌ಪೆಕ್ಟರ್ ಮುರಿಗೆಪ್ಪನವರಿಗೆ ಮೈ ಉರಿಯಿತು. ದೂರಿನ ಜೊತೆ ತೀರ್ಪನ್ನೂ ಹೊತ್ತು ತರುವವರನ್ನು ಕಂಡರೆ ಅವರಿಗಾಗದು. ಎಫ್‌ಐಆರ್ ಬರೆಸಿದರು, ಆದರೆ ದೂಜನನ್ನು ಮುಟ್ಟಲಿಲ್ಲ. ಅನುಪಾತ ಕೆಟ್ಟಿದೆ, ನಿಜ. ಹೋಗಿದ್ದು ಹಾಲೋ ದುಡ್ಡೋ ಎಂದು ಅದು ಹೇಳುವುದಿಲ್ಲವಲ್ಲ!

ಮರುದಿನ ಕಾನ್‌ಸ್ಟೆಬಲ್ ಶಂಕ್ರೆಪ್ಪ ಹರಕು ಬನಿಯನ್ ತೊಟ್ಟು ಅದೇ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಕೂತ.

"ಕೈ ಎಲ್ಲಾ ಸುಕ್ಕಾಗ್ಯಾವ್ರಿ ಸಾಹೇಬ್ರ," ಎಂದು ಸಂಜೆ ಗೊಣಗಿದ. "ಆದ್ರ ಎಂಜಲ ಕಪ್ಪು ಸೇರಿಗೆ ಹದಿನಾರ ಬರತಾವ್ರಿ. ಹಾಲೆಲ್ಲಾ ಚಾಕ್ಕ ಹೋಗೇತಿ."

"ಅಂದ್ರ ದೂಜ ನಿರಪರಾಧಿ. ರೊಕ್ಕ ಗಲ್ಲಾದಾಗ ಹೊಂಟೈತಿ."

ಗಲ್ಲಾದ ಮೇಲೆ ಕೂರುತ್ತಿದ್ದವನು ಚೆನ್ನಯ, ಕೊರಗಪ್ಪನ ಸ್ವಂತ ಅಕ್ಕನ ಮಗ. ಗಿರಾಕಿ ಏಳುತ್ತಲೇ ಮಾಣಿ "ಎರಡಾಣೆ!" ಎಂದು ಕೂಗುತ್ತಾನೆ, ಚೆನ್ನಯ ಕಾಸು ತೆಗೆದುಕೊಳ್ಳುತ್ತಾನೆ. ಕೂಗು ಗಾಳಿಗೆ ಹೋಯಿತು, ಲೆಕ್ಕ ಇಡುವವರು ಯಾರು?

13ರಂದು ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಗಿರಾಕಿಗಳಿಗೆಂದು ಇಟ್ಟ ಬಡೇಸೋಪಿನ ಡಬ್ಬಿಯ ತಳದಲ್ಲಿ ಚಿಲ್ಲರೆಯ ಗಂಟು ಸಿಕ್ಕಿತು.

"ಯಾಕ ಕದ್ದಿ?"

"ಊರಿಗೆ ಹೋಗ್ಲಿಕ್ಕೆ ಸಾರ್. ಅಮ್ಮ ಹಾಸಿಗೆ ಹಿಡಿದಿದ್ದಾರೆ."

"ಪಗಾರ ಇಲ್ಲೇನು?"

"ಬಂದು ಆರು ವರ್ಷ ಆಯ್ತು. ಎಲ್ಲಾ ಮಾವನ ಹತ್ರವೇ ಉಂಟು. ಕೇಳಿದ್ರೆ, ಊರಿಗೆ ಹೋಗುವಾಗ ಕೊಡ್ತೇನೆ ಅಂತಾರೆ. ಹೋಗ್ತೇನೆ ಅಂದ್ರೆ, ಗಲ್ಲಾಕ್ಕೆ ಯಾರು ಅಂತಾರೆ. ಸೋದರಮಾವನ ಹತ್ರ ಜಗಳ ಮಾಡ್ಲಿಕ್ಕಾಗ್ತದಾ?"

ಆದರೂ ಕಳವು ಕಳವೇ. ಮಧ್ಯಾಹ್ನ ಹನ್ನೆರಡೂಕಾಲಿಗೆ ಬಂಧನ ದಾಖಲಾಯಿತು. ಕೇಸ್ ಡೈರಿಯಲ್ಲಿ ಕಾರಣವನ್ನು ಎರಡೇ ಮಾತಿನಲ್ಲಿ ಬರೆದರು: ಊರಿನ ಖರ್ಚಿಗೆ.

ಬೇಡಿ ಬಿದ್ದ ಅಳಿಯನನ್ನು ನೋಡಿ ಕೊರಗಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಅಕ್ಕನ ನೆನಪಾಯಿತೇನೋ ಎಂದುಕೊಂಡು ಇನ್ಸ್‌ಪೆಕ್ಟರು ಒಂದು ಲೋಟ ನೀರು ಮುಂದೆ ಹಿಡಿದರು.

"ಅಯ್ಯೋ ದೇವರೇ," ಎಂದರು ಕೊರಗಪ್ಪ, "ಇನ್ನು ಗಲ್ಲಾಕ್ಕೆ ಯಾರು ಮಾರಾಯ್ರೆ?"