ಬೂಷ್ಟು ಹಿಡಿದ ಮದ್ದು

“ಡಬ್ಬ ಖಾಲಿ! ಮರಿಯ ಮದ್ದು ಎಲ್ಲಿ ಹೋಯ್ತು?” ಕೊಟ್ಟಿಗೆಯಿಂದ ಅಮ್ಮ ಕೂಗಿದಳು.

“ಕಾಳಿಗೆಲ್ಲ ಬೂಷ್ಟು ಹಿಡಿದಿತ್ತಮ್ಮ! ಚರಂಡಿಗೆ ಸುರಿದು, ಡಬ್ಬ ತೊಳೆದಿಟ್ಟೆ,” ಎಂದು ಚಿನಕುರಳಿ ಬೀಗಿದಳು. ಸದಾ ಪಟಪಟ ಮಾತಾಡುವ ಅವಳಿಗೆ ಮನೆಯವರು ಇಟ್ಟ ಹೆಸರು ಅದು.

ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. “ಅಯ್ಯೋ ನನ್ನ ಕರ್ಮವೇ! ಆ ಬೂಷ್ಟೇ ಮದ್ದು ಕಣೇ!”

ಚಿನಕುರಳಿ ಕೊಟ್ಟಿಗೆಗೆ ಓಡಿಬಂದಳು. ಮೂಲೆಯಲ್ಲಿ ಮೇಕೆಮರಿ ಬೆಳ್ಳಿ ತೂಕಡಿಸುತ್ತಿತ್ತು. ಹೊಟ್ಟೆಹುಳುವಿನಿಂದ ಅದರ ಅಣ್ಣ ಹೋದ ತಿಂಗಳಷ್ಟೇ ಸತ್ತಿತ್ತು. ಬೆಳ್ಳಿಯ ಪಕ್ಕೆಲುಬುಗಳೂ ಎದ್ದು ಕಾಣುತ್ತಿದ್ದವು.

ಇಬ್ಬರೂ ದನದ ಆಸ್ಪತ್ರೆಗೆ ಓಡಿದರು. ಆ ಮದ್ದನ್ನು ಬೆಳೆಸಿಕೊಟ್ಟವಳು ಅಲ್ಲಿನ ಲ್ಯಾಬ್ ಅಕ್ಕ.

“ನಾನೇ ಎಸೆದೆ ಅಕ್ಕಾ. ಬೆಳ್ಳಿ ಸತ್ತುಹೋಗುತ್ತಾ?” ಚಿನಕುರಳಿ ಅತ್ತೇಬಿಟ್ಟಳು.

ಅಕ್ಕ ನಿಟ್ಟುಸಿರುಬಿಟ್ಟಳು. ಮೂರು ವಾರದ ಕೆಲಸ ಚರಂಡಿ ಪಾಲಾಗಿತ್ತು. ಆದರೂ ಗದರಲಿಲ್ಲ. “ಬೂಷ್ಟು ಕಂಡ್ರೆ ಯಾರಾದ್ರೂ ಎಸೀತಾರೆ. ನಿನಗೂ ಹೇಳ್ಬೇಕಿತ್ತು ನಾನು. ಬಾ, ಇಲ್ನೋಡು.”

ಮೈಕ್ರೋಸ್ಕೋಪಿನಲ್ಲಿ ಬೂಷ್ಟಿನ ನೂಲಿನಂಥ ಎಳೆಗಳು ಕಂಡವು. ಎಳೆಗಳ ಬಲೆಯಲ್ಲಿ ಒಂದು ಮರಿಹುಳು ಸಿಕ್ಕಿಬಿದ್ದಿತ್ತು.

“ಡಾಕ್ಟರು ಕೊಟ್ಟ ಇಂಜೆಕ್ಷನ್ನಿಂದ ಬೆಳ್ಳಿಯ ಹೊಟ್ಟೆಯೊಳಗಿನ ಹುಳು ಕಮ್ಮಿಯಾಗಿವೆ. ಆದರೆ ಹಿಕ್ಕೆಯಲ್ಲಿ ಅವುಗಳ ಮೊಟ್ಟೆ ಒಡೆದು, ಮರಿಹುಳು ಹುಲ್ಲು ಹತ್ತುತ್ತವೆ. ಬೆಳ್ಳಿ ಆ ಹುಲ್ಲು ತಿಂದ್ರೆ ಮತ್ತೆ ಅದೇ ಕತೆ. ನಾನು ಕೊಟ್ಟ ಕಾಳನ್ನ ಬೆಳ್ಳಿ ತಿಂದ್ರೆ, ಅದರ ಹಿಕ್ಕೆಯಲ್ಲಿ ಈ ಬೂಷ್ಟು ಬೆಳೆದು ಹುಳುಗಳನ್ನ ಹಿಡಿಯುತ್ತೆ. ಆಮೇಲೆ ಎನ್‌ಜೈಮ್ ಅನ್ನೋ ರಸ ಬಿಟ್ಟು, ಅವುಗಳ ಚರ್ಮ ಕರಗಿಸಿ ತಿಂದುಹಾಕುತ್ತೆ.”

“ಅಬ್ಬಾ!” ಎಂದಳು ಚಿನಕುರಳಿ.

ಅಕ್ಕ ಫ್ರಿಜ್ ತೆರೆದು ಬೂಷ್ಟಿನ ಕಾಳಿನ ಒಂದು ಪೊಟ್ಟಣ ತೆಗೆದಳು. “ನನ್ನ ಪ್ರಯೋಗಕ್ಕೆ ಅಂತ ಇಟ್ಕೊಂಡಿದ್ದೆ. ತಗೋ. ಮತ್ತೆ ಬೆಳೆಸಿಕೊಂಡರಾಯ್ತು.”

ಚಿನಕುರಳಿ ಅಕ್ಕನ ಸೊಂಟವನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಅಂದಿನಿಂದ ದಿನವೂ ಅವಳೇ ಕೈಯಾರೆ ಕಾಳು ತಿನ್ನಿಸಿದಳು. ತಿಂಗಳು ಕಳೆಯುವುದರೊಳಗೆ ಬೆಳ್ಳಿ ಮೈ ತುಂಬಿಕೊಂಡು, ಸಿಕ್ಕಸಿಕ್ಕವರನ್ನೆಲ್ಲ ಗುಮ್ಮತೊಡಗಿತು.

ಒಂದು ಸಂಜೆ ಚಿನಕುರಳಿ ಹುಲ್ಲಿನ ಮೇಲೆ, ಹಿಕ್ಕೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಎಳೆಗಳೇನೂ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ಬಗ್ಗಿ, “ತುಂಬಾ ಥ್ಯಾಂಕ್ಸ್ ಕಣ್ರೋ,” ಎಂದು ಪಿಸುಗುಟ್ಟಿದಳು.

“ಯಾರ ಜೊತೆಗೇ ನಿನ್ನ ಮಾತು?” ಎಂದು ಅಮ್ಮ ಬಾಗಿಲಿಂದ ಕೂಗಿದಳು.

ಚಿನಕುರಳಿ ತುಟಿಯ ಮೇಲೆ ಬೆರಳಿಟ್ಟಳು.

“ಶ್! ಮೆಲ್ಲಗೆ ಮಾತಾಡಮ್ಮ. ಕೆಲಸ ಮಾಡ್ತಿದ್ದಾರೆ.”